ಆರನೆಯ ಹೆಸರು

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಎರಡು ವರ್ಷ ನಾನು ಹೋಮ್ ನರ್ಸ್ ಆಗಿದ್ದೆ. ನೋಡಿಕೊಳ್ಳಬೇಕಾಗಿದ್ದದ್ದು ಒಬ್ಬರನ್ನೇ. ಅಲ್ಲಿನ ವಾಯುಪಡೆ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ವಿಮಾನ ಹಾರಿಸಲು ಕಲಿತವರು ಅವರು. ವಯಸ್ಸು ಎಪ್ಪತ್ತು ದಾಟಿತ್ತು, ಮರೆವಿನ ಕಾಯಿಲೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ತರಬೇತಿಯ ದಿನಗಳು ಮಾತ್ರ ಒಂದೂ ಮರೆತಿರಲಿಲ್ಲ.

"ಆರು ಜನ ಹುಡುಗರು, ಎರಡು ಸಣ್ಣ ವಿಮಾನ. ಅಷ್ಟೇ ನಮ್ಮ ಫೌಜು," ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. "ನನಗೆ ಕಾರು ಬಿಡಲಿಕ್ಕೂ ಬರುತ್ತಿರಲಿಲ್ಲ. ಮೊದಲು ಇಂಗ್ಲಿಷ್ ಕಲಿಸಿದರು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಕಾಕ್‌ಪಿಟ್‌ನಲ್ಲಿ ಕೂರಿಸಿದರು. ಯಾವ ಗುಂಡಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬೇಕು."

ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಅವರ ಗಾಲಿಕುರ್ಚಿಯನ್ನು ಅಂಗಳಕ್ಕೆ ತಳ್ಳಿಕೊಂಡು ಹೋಗುತ್ತಿದ್ದೆ. ಅಲ್ಲಿ ನೆಟ್ಟಗೆ ಕೂತು ಹಾಜರಿ ಕರೆಯುತ್ತಿದ್ದರು. ತಮ್ಮದೂ ಸೇರಿ ಐದು ಹೆಸರಿಗೆ ತಾವೇ "ಹಾಜಿರ್" ಅನ್ನುತ್ತಿದ್ದರು. ಆರನೆಯ ಹೆಸರು ಕರೆದು ಕಾಯುತ್ತಿದ್ದರು. ಮೇಲೆ ಏರ್‌ಪೋರ್ಟ್ ಕಡೆಗೆ ವಿಮಾನಗಳು ಇಳಿಯುತ್ತಿದ್ದವು. ಅವರು ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಆ ಆರನೆಯವರು ಯಾರು ಎಂದು ಅವರ ಮಗಳನ್ನು ಕೇಳಿದೆ. "ಅಪ್ಪನ ಗೆಳೆಯ," ಎಂದಳು. "ಒಂದು ದಿನ ಒಬ್ಬನೇ ಹಾರುವ ಸರದಿ ಅಪ್ಪನದಾಗಿತ್ತು. ಜ್ವರ ಅಂತ ಮಲಗಿದ. ಬದಲಿಗೆ ಆ ಗೆಳೆಯ ಹೋದರು. ಸಮುದ್ರದ ಕಡೆಯಿಂದ ಮಂಜು ಬಂತು. ಎರಡು ದಿನದ ಮೇಲೆ ಮರಳಿನಲ್ಲಿ ಅವರ ಹೆಣ ಸಿಕ್ಕಿತು." ಆಮೇಲೆ ಸೇರಿಸಿದಳು, "ಜ್ವರ ಇರಲಿಲ್ಲ. ಅಪ್ಪನಿಗೆ ಹೆದರಿಕೆ."

ನವೆಂಬರಿನ ಒಂದು ಸಂಜೆ ಅವರು ಆ ಹೆಸರನ್ನು ಮತ್ತೆ ಮತ್ತೆ ಕರೆದರು. ಕೂಗುತ್ತಲೇ ಕುರ್ಚಿಯಿಂದ ಏಳಲು ನೋಡಿದರು. ಬಿಪಿ ಏರಿದರೆ ಕಷ್ಟ ಎಂದು ನನಗೆ ಗಾಬರಿಯಾಯಿತು. ಹಿಂದೆ ನಿಂತಲ್ಲಿಂದಲೇ "ಹಾಜಿರ್" ಅಂದುಬಿಟ್ಟೆ.

ಅವರು ತಿರುಗಿದರು. ಆದರೆ ನೋಡಿದ್ದು ನನ್ನನ್ನಲ್ಲ, ನನ್ನ ಹೆಗಲಿನಾಚೆ.

"ಯಾಕೆ ಇಷ್ಟು ತಡ?"

"ಮಂಜಿತ್ತು," ಎಂದೆ.

"ಅವತ್ತು ನನಗೆ ಜ್ವರ ಇರಲಿಲ್ಲ. ನಿನಗೆ ಗೊತ್ತಿತ್ತಾ?"

ಇದಕ್ಕೆ ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಆದರೂ "ಗೊತ್ತಿತ್ತು," ಎಂದು ನನ್ನ ಬಾಯಿಯಿಂದ ಬಂತು.

"ಗೊತ್ತಿದ್ದೂ ಹೋದೆಯಾ?"

"ಹೋದೆ."

ಅವರು ಬಹಳ ಹೊತ್ತು ಅತ್ತರು. ಆಮೇಲೆ "ಖಲಾಸ್" ಎಂದು ಕಣ್ಣೊರೆಸಿಕೊಂಡರು.

ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಡುಗೆಯವರು ಬಂಟ್ವಾಳದ ಕಡೆಯವರು. "ಸತ್ತವರ ಹೆಸರಿಗೆ ಓಗೊಡ್ಲಿಕ್ಕುಂಟಾ ಮಾರಾಯ್ರೆ? ಎಂತ ಮಾಡಿದ್ದು ನೀವು?" ಎಂದರು. ಅಂದಿನಿಂದ ನನ್ನೊಡನೆ ಕೂತು ಊಟ ಮಾಡಲು ಹಿಂಜರಿಯುತ್ತಿದ್ದರು.

ಹಾಜರಿ ಅಲ್ಲಿಗೆ ನಿಂತಿತು. ಬದಲಿಗೆ ಮುದುಕರು ಪಕ್ಕದಲ್ಲಿ ಇನ್ನೊಂದು ಕುರ್ಚಿ ಇಡಿಸಿ, ಅದರ ಮುಂದೆ ಖರ್ಜೂರ, ಗಾವಾ ಕಾಫಿ ಇರಿಸಿ, ನನ್ನ ಕಡೆ ನೋಡುತ್ತಿದ್ದರು. ಆ ಗೆಳೆಯನಾಗಿ ನಾನು ಮತ್ತೆ ಮಾತಾಡಲಿ ಎಂದು ಕಾಯುತ್ತಿದ್ದಾರೆಂದು ತಿಳಿಯುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ಮಾರ್ಚಿನಲ್ಲಿ ಅವರು ತೀರಿಕೊಂಡರು, ನಿದ್ದೆಯಲ್ಲೇ.

ಮೂರು ದಿನದ ಸೂತಕದ ಕೂಟ ಮುಗಿದ ಮೇಲೆ ಮಗಳು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅವತ್ತು ನೀನು ಅಪ್ಪನಿಗೆ ಅಂದದ್ದನ್ನು ಅಡುಗೆಯವರು ಹೇಳಿದರು. ಆ ಗೆಳೆಯನಿಗೆ ಗೊತ್ತಿತ್ತು ಅಂತ ನಿನಗೆ ಹೇಳಿದ್ದು ಯಾರು?"

"ಯಾರೂ ಇಲ್ಲ. ಸಮಾಧಾನಕ್ಕೆ ಅಂದದ್ದು."

"ನಿನ್ನೆ ಆ ಗೆಳೆಯನ ತಂಗಿ ಬಂದಿದ್ದಳು. ಅವತ್ತು ಮನೆ ಬಿಡುವಾಗ ತಾಯಿಗೆ ಹೇಳಿದ್ದರಂತೆ, ಗೆಳೆಯ ಹೆದರಿದ್ದಾನೆ, ನಾನೇ ಹೋಗುತ್ತೇನೆ ಅಂತ. ಇಷ್ಟು ವರ್ಷ ಆ ಮನೆಯವರು ಯಾರಿಗೂ ಹೇಳಿರಲಿಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳ ತಂದೆ ನೋಡುತ್ತಿದ್ದ ಹಾಗೆಯೇ. ಆ ವಾರವೇ ನಾನು ದುಬೈಯ ಅಲ್ ಕುಸೈಸ್‌ನ ಒಂದು ಕ್ಲಿನಿಕ್ಕಿಗೆ ಸೇರಿಕೊಂಡೆ. ಆ ಮಾತು ಆ ಸಂಜೆ ನನಗೆ ಎಲ್ಲಿಂದ ಬಂತೋ, ಇವತ್ತಿಗೂ ಹೇಳಲಾರೆ.