ನಾಲ್ಕು ಮಂದಿ ಎಂದರೆ ಎಷ್ಟು ಮಂದಿ?

ಗೆಳತಿಯರೆ, ಬಾಡಿಗೆಗೆ ಬಂದವರನ್ನು ನಾನು ಹೊರದೂಡಿದೆನೆಂದು ನೆರೆಯ ಸರೋಜಾಬಾಯಿ ಹೇಳುತ್ತಿರುವುದು ಸರಿಯಲ್ಲ. ನಾನು ತಲೆ ಎಣಿಸಿದೆ, ಅಷ್ಟೆ.

ನಾಳೆ ಚಿಕ್ಕೋಡಿಯಲ್ಲಿ ಮಗಳ ಮದುವೆಯೆಂದು ಬೇಡಕಿಹಾಳದ ಕಲ್ಲಪ್ಪನವರು ನಮ್ಮ ಹಿತ್ತಲಿನ ಕೋಣೆಗಳನ್ನು ಎರಡು ದಿನಕ್ಕೆ ಹಿಡಿದಿದ್ದರು. ಮಾತಾಗಿದ್ದುದು ನಾಲ್ಕು ಮಂದಿಗೆ. ಇಂದು ಮಧ್ಯಾಹ್ನ ಟೆಂಪೋದಿಂದ ಒಂಬತ್ತು ಮಂದಿ ಇಳಿದರು. ನಮ್ಮಲ್ಲಿರುವುದು ಒಂದೇ ನೀರಿನ ಟಾಕಿ. ಬಾಗಿಲಿಗೆ ಅಡ್ಡ ನಿಂತು ಕಲ್ಲಪ್ಪನವರನ್ನು ಕೇಳಿದೆ:

"ನಾಲ್ಕು ಮಂದಿ ಎಂದಿದ್ದಿರಲ್ಲ?"

"ಅಕ್ಕೋರ, 'ನಾಕ ಮಂದಿ ಏನಂದಾರು' ಅಂತೀವಲ್ರಿ, ಅವ್ರೇನ ಬರೇ ನಾಕ ಮಂದಿ ಇರ್ತಾರೇನ್ರಿ? ಊರ ಮಂದಿ ಅಲ್ರಿ?"

ನಾನು ಮತ್ತೊಮ್ಮೆ ಬೆರಳು ಮಾಡಿ ಎಣಿಸಿದೆ; ಒಂಬತ್ತೇ. "ಐವರು ಬೇರೆಡೆ ಇಳಿದುಕೊಳ್ಳಲಿ" ಎಂದೆ.

ಕಲ್ಲಪ್ಪನವರ ಅಕ್ಕ, ತೆಲಸಂಗದ ಗೌರವ್ವ, ಗಂಟು ಎತ್ತಿಕೊಂಡರು. "ನಾ ಬಸ್‌ಸ್ಟ್ಯಾಂಡಿನ್ಯಾಗ ಇರತೇನಿ ಬಿಡೋ ತಮ್ಮಾ."

ಮದುಮಗಳು ಅವರ ಸೆರಗು ಹಿಡಿದಳು. "ಸ್ವಾದರತ್ತಿ ಇಲ್ಲಂದ್ರ ಅರಿಷಿಣ ಹಚ್ಚಾವ್ರ್ಯಾರು? ನಾನೂ ಸ್ಟ್ಯಾಂಡಿಗೇ ಬರತೇನಿ."

ನಾನು ಬಾಗಿಲು ಬಿಟ್ಟೆ. ಹತ್ತನೆಯವರು ನುಸುಳಬಾರದೆಂದು ಒಳಗಿರುವವರ ಹೆಸರುಗಳನ್ನು ಬರೆದು ಬಾಗಿಲಿಗೆ ಅಂಟಿಸಿದ್ದೇನೆ: ಕಲ್ಲಪ್ಪ, ಶಾಂತವ್ವ, ಮದುಮಗಳು ಸುನಂದಾ, ಗೌರವ್ವ, ಬಸವ್ವ, ಮಾರುತಿ, ರಾಮಪ್ಪ, ಶೋಭಾ, ಕಸ್ತೂರಿ, ಮತ್ತು ಅರಿಷಿಣ ಕಲಸಿಕೊಡಲು ಹೋಗಿ ಅಲ್ಲೇ ಉಳಿದ ಕಮಲಾಬಾಯಿ, ಅಂದರೆ ನಾನು.