ಮಡುವಿನ ಕೊರಮೀನು

ಇವತ್ತು ಬೆಳಿಗ್ಗೆ ಹೆಂಚಿನ ಮೇಲೆ ಒಣಮೀನು ಹುರಿಯುತ್ತಿದ್ದೆ. ಕಡಲಲ್ಲಿ ಈಗ ಬಲೆ ಹಾಕುವ ಹಾಗಿಲ್ಲ, ಮೀನು ಮೊಟ್ಟೆಯಿಡುವ ಕಾಲ, ಅದಕ್ಕೇ ಸರಕು ಕಡಿಮೆ ಎಂದು ಶ್ರೀನಿವಾಸಪುರದ ಸಂತೆಯಲ್ಲಿ ಮಾರುವವಳು ರಾಗ ಎಳೆದಿದ್ದಳು. ಆ ಮಾತೂ ಈ ವಾಸನೆಯೂ ಸೇರಿ ನನ್ನನ್ನು ಬೈರಕೂರಿನ ಕಡೆಯ ತಾತನ ಮನೆಗೆ ಎಳೆದುಕೊಂಡು ಹೋದವು. ಆ ಮನೆ ಈಗಿಲ್ಲ. ಅಲ್ಲಿ ಟೊಮೆಟೊ ಕ್ರೇಟುಗಳನ್ನು ಪೇರಿಸಿದ್ದಾರೆ. ಅಷ್ಟು ದೊಡ್ಡ ಸಮುದ್ರಕ್ಕೇ ಇಂಥದೊಂದು ಕಟ್ಟಳೆ ಬೇಕಾದರೆ, ನಮ್ಮ ಪುಟ್ಟ ಕೆರೆಗಿದ್ದ ಕಟ್ಟಳೆಯನ್ನು ನಾವೇ ಯಾಕೆ ಮುರಿದೆವೋ, ನನಗಂತೂ ಇವತ್ತಿಗೂ ತಲೆಬುಡ ತಿಳಿಯದು.

ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ, ಕೆರೆಯ ಉಸ್ತುವಾರಿ ಹೊತ್ತಿದ್ದ ತಾತ ಹೇಳಿದ ದಿನ ಊರಿಗೆ ಊರೇ ಮೀನು ಹಿಡಿಯಲು ನೀರಿಗಿಳಿಯುತ್ತಿತ್ತು. ತೂಬಿನ ಪಕ್ಕದ ಮಡುವಿಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಅದು ಗಂಗಮ್ಮನ ಪಾಲು. ಮೊಳದುದ್ದದ ಕಪ್ಪು ಕೊರಮೀನುಗಳು ಆ ಕೆಸರಿನಲ್ಲಿ ಬೇಸಿಗೆ ಕಳೆದು, ಮಳೆ ಬಿದ್ದಾಗ ಕೆರೆಗೆಲ್ಲ ಹರಡಿಕೊಳ್ಳುತ್ತಿದ್ದವು. ಅವ್ವ, ಎಂದರೆ ನನ್ನ ಅಜ್ಜಿ, ಮಡುವಿನ ಕಲ್ಲಿಗೆ ಕುಂಕುಮವಿಟ್ಟು, ಮಂಕರಿಯಲ್ಲಿ ನಮ್ಮ ಪಾಲಿನ ಮೀನು ಹೊತ್ತು ಬರುವಳು. ಆ ದಿನ ಹುಣಸೆಹುಳಿಯ ಸಾರಿನ ವಾಸನೆ ಬೀದಿಯ ತುದಿಯವರೆಗೂ ಬರುತ್ತಿತ್ತು.

ಒಂದು ವರ್ಷ ಕೆರೆಗೆ ಸಾಕಿ ಮಾರುವ ಕಾಟ್ಲಾ ಮೀನಿನ ಮರಿ ಬಿಡುವುದೆಂದಾಯಿತು. ಕೊರಮೀನು ಮರಿಗಳನ್ನೆಲ್ಲ ನುಂಗಿ ನೀರು ಕುಡಿಯುತ್ತದೆ, ಮೊದಲು ಮಡು ಖಾಲಿ ಮಾಡಿಸು ಎಂದು ಊರವರು ತಾತನ ಬೆನ್ನು ಹತ್ತಿದರು. ತಿನ್ನುವ ಬಾಯಿ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂದು ತಾತ ಅವ್ವನನ್ನು ಕೇಳಿದ. ಪಂಪು ಇಟ್ಟು ಮಡು ಬತ್ತಿಸಿದರು. ಅಂದು ಮನೆಮನೆಯಲ್ಲೂ ಕೊರಮೀನಿನ ಸಾರು. ನಾನೂ ಬೆರಳು ಚೀಪಿಕೊಂಡು ಉಂಡೆ. ಆ ವರ್ಷ ಕಾಟ್ಲಾ ಚೆನ್ನಾಗಿಯೇ ಬಂತು, ತಾತನನ್ನು ಎಲ್ಲರೂ ಹೊಗಳಿದರು. ಆಮೇಲೆ ಕೆರೆಯಲ್ಲಿ ಅಲ್ಲಲ್ಲಿ ಇದ್ದ ಜಿಲೇಬಿ ಮೀನು, ಎಂದರೆ ತಿಲಾಪಿಯಾ, ಮಿತಿಮೀರಿ ಹೆಚ್ಚಿಕೊಂಡಿತು. ಅದರ ಮರಿಗಳನ್ನು ತಿಂದು ಹದದಲ್ಲಿಡುತ್ತಿದ್ದದ್ದು ಕೊರಮೀನೇ ಎಂದು ಯಾರಿಗೆ ಹೊಳೆದಿತ್ತು? ಕೆರೆ ತುಂಬ ಹೆಬ್ಬೆರಳು ಗಾತ್ರದ ಜಿಲೇಬಿ, ಬರೀ ಮುಳ್ಳು. ಎಲ್ಲ ಅವೇ ತಿಂದು ಕಾಟ್ಲಾಗೂ ಮೇವಿಲ್ಲ. ತಾತ ಏರಿಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದ.

ಕೆಲವು ವರ್ಷಗಳಾದ ಮೇಲೆ ತಾತ ಹಾಸಿಗೆ ಹಿಡಿದ. ಮೈಗೆ ಶಕ್ತಿ ಬರುತ್ತದೆ, ಕೊರಮೀನಿನ ಸಾರು ಬೇಕು ಎಂದ. ಅವ್ವ ಗೌನಿಪಲ್ಲಿಯವರೆಗೂ ಹುಡುಕಿಸಿದಳು, ಸಿಗಲಿಲ್ಲ. ಕೊನೆಗೆ ಕಡಲಿನ ಒಣಮೀನನ್ನೇ ನೆನೆಹಾಕಿ ಸಾರು ಮಾಡಿದಳು. ಒಂದು ತುತ್ತಿಗೇ ತಾತನಿಗೆ ತಿಳಿದುಹೋಯಿತು. ತಟ್ಟೆ ಸರಿಸಲಿಲ್ಲ, ಬೈಯಲೂ ಇಲ್ಲ.

"ಲೇ, ನಿಜ ಹೇಳು. ಆ ಮಡುವಾಗೆ ಒಂದ್ ಜೊತೆನಾದ್ರೂ ಬಿಟ್ಟಿದ್ರಾ?" ಎಂದ.

"ಬಿಟ್ಟಿದ್ವಿ. ನಾನೇ ಕಣ್ಣಾರೆ ನೋಡಿದೀನಿ. ಉಣ್ಣಿ," ಎಂದಳು ಅವ್ವ.

ತಾತ ತಟ್ಟೆ ಬರಿದಾಗುವವರೆಗೂ ಉಂಡ. ಆಮೇಲೆ ಹೆಚ್ಚು ದಿನ ಇರಲಿಲ್ಲ.

ಮಡು ಬತ್ತಿಸಿದ ದಿನ ಪಂಪು ನಿಂತಾಗ ನಾನು ಅವ್ವನ ಪಕ್ಕದಲ್ಲೇ ಇದ್ದೆ. ಬರೀ ಕೆಸರು ಕಂಡ ನೆನಪು. ಆದರೆ ಕೊರಮೀನು ಕೆಸರಿನೊಳಗೇ ಹುದುಗಿ ಬದುಕುವ ಜಾತಿಯಲ್ಲವೇ? ಅವ್ವ ನನಗೆ ಕಾಣದ್ದನ್ನು ಕಂಡಿದ್ದಳೋ, ಗಂಡನ ಜೀವ ತಣ್ಣಗಾಗಲೆಂದು ಹಾಗೆಂದಳೋ ತಿಳಿಯದು. ಈಗ ಅವಳೂ ಇಲ್ಲ. ಕೆರೆಗೂ ಈಗ ಪೈಪಿನಲ್ಲಿ ನೀರು ಬರುತ್ತದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ, ತಳ ನೋಡುವಂತಿಲ್ಲ. ಹೋದ ಸಲ ಹೋದಾಗ ಸೆರಗಿನಲ್ಲಿ ಒಂದಿಷ್ಟು ಕುಂಕುಮ ಕಟ್ಟಿಕೊಂಡು ಹೋಗಿದ್ದೆ. ಗಂಗಮ್ಮನ ಕಲ್ಲು ಎಲ್ಲಿ ಮುಳುಗಿದೆಯೋ ಗೊತ್ತಾಗಲಿಲ್ಲ. ತೂಬಿನ ಹತ್ತಿರ ಕುಂಕುಮವನ್ನು ನೀರಿಗೇ ಹಾಕಿ ಬಂದೆ.