ಅರ್ಧ ಬೀದಿಗೆ ಗಡ್ಡ ಬೆಳೆದ ಕಾಲ

ನಮ್ಮ ಭಾವನಿಗೆ ಕುತ್ತಿಗೆ ಒಪ್ಪಿಸಿ ನಿದ್ದೆ ಮಾಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೊರೆ ಹಚ್ಚುವಾಗ ಹರಟುತ್ತಿದ್ದವರು ಕತ್ತಿ ಕೆನ್ನೆಗೆ ತಾಗುವಷ್ಟರಲ್ಲಿ ಗೊರಕೆ ಶುರು ಮಾಡುತ್ತಿದ್ದರು. ಇಪ್ಪತ್ತೇಳು ವರ್ಷದಿಂದ ಅದೇ ಸಲೂನು, ಎರಡು ಕುರ್ಚಿ, ಒಂದು ಉದ್ದನೆ ಕನ್ನಡಿ, ಗೋಡೆಗೆ ತೂಗುಹಾಕಿದ ತೊಗಲಿನ ಪಟ್ಟಿ. ಆ ಪಟ್ಟಿಗೆ ಹನ್ನೆರಡು ಸಲ ಕತ್ತಿ ಉಜ್ಜದೆ ಯಾರ ಮುಖವನ್ನೂ ಮುಟ್ಟಿದ ಮನುಷ್ಯ ಅಲ್ಲ. ಕಸುಬಿನ ವಿಷಯದಲ್ಲಿ ಅಷ್ಟು ಜಂಭ. ಇರಲಿ ಬಿಡಿ, ಅದು ಇರಬೇಕಾದ ಜಂಭವೇ.

ಇಂಥ ಭಾವನ ಅಂಗಡಿಗೆ ಫ್ರಿಜ್ ತಂದಿಟ್ಟ ಮಹಾನುಭಾವ ನಾನು. ತಂಪು ಪಾನೀಯದ ವ್ಯಾನ್ ಓಡಿಸುವುದು ನನ್ನ ಕೆಲಸ. ಕಂಪನಿಯವರು ಗಾಜಿನ ಬಾಗಿಲಿನ ಫ್ರಿಜ್ ಪುಕ್ಕಟೆ ಕೊಡುತ್ತಾರೆ, ಒಳಗೆ ಅವರ ಸರಕೇ ಇಡಬೇಕು ಅಷ್ಟೆ. ಅಕ್ಕನ ಗಂಡನಿಗೆ ಅಷ್ಟೂ ಮಾಡದಿದ್ದರೆ ನಾನೆಂಥ ಭಾಮೈದ ಅಂತ ತಂದಿಟ್ಟೆ. ಮೇಲಿನ ಸಾಲಿನಲ್ಲಿ ಹೊಸದಾಗಿ ಬಂದಿದ್ದ ಎನರ್ಜಿ ಡ್ರಿಂಕ್, ಅರ್ಧ ಲೀಟರಿನ ಡಬ್ಬಿ. ಅದರ ಮೇಲೆ ಓಡುವ ಮನುಷ್ಯನ ಚಿತ್ರ, ಕೆಳಗೆ ವಿಟಮಿನ್‌ಗಳ ಪಟ್ಟಿ. ಭಾವ ಆರೋಗ್ಯಕ್ಕೆ ಒಳ್ಳೇದಲ್ಲ ಅಂತ ಕಾಫಿ ಬಿಟ್ಟು ಎರಡು ವರ್ಷವಾಗಿತ್ತು, ಅದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ ಮೀಸೆ ತಿರುವುತ್ತಿದ್ದರು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿ, "ಇದು ಟಾನಿಕ್ ಇದ್ದ ಹಾಗೆ ಕಣೋ" ಅಂದರು. ದಿನವಿಡೀ ನಿಂತು ಮಾಡುವ ಕೆಲಸ ನೋಡಿ, ಒಂದು ಎರಡಾಯಿತು, ಎರಡು ಮೂರಾಯಿತು, ಆರು ತಿಂಗಳಲ್ಲಿ ದಿನಕ್ಕೆ ಐದಕ್ಕೆ ಬಂದು ನಿಂತರು. ನಾನೋ, ಖುಷಿಯಾಗಿ ತುಂಬಿಸುತ್ತಾ ಹೋದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಒಂದು ದಿನ ಶಾಲೆ ಮೇಷ್ಟ್ರ ಕಿವಿಯ ಕೆಳಗೆ ಕತ್ತಿ ಗೀರಿತು. ಒಂದು ಹನಿ ರಕ್ತ. ಮೇಷ್ಟ್ರಿಗೆ ಎಚ್ಚರವೇ ಆಗಲಿಲ್ಲ. ಭಾವ ಮಾತ್ರ ತಮ್ಮ ಕೈ ನೋಡಿಕೊಂಡು ನಿಂತುಬಿಟ್ಟರಂತೆ. ಬೆರಳು ಸಣ್ಣಗೆ ನಡುಗುತ್ತಿತ್ತು. ಅವರ ಅಪ್ಪನದೂ ಇದೇ ಕಸುಬು. ವಯಸ್ಸಾದ ಮೇಲೆ ಕೈ ನಡುಗುವ ಕಾಯಿಲೆ ಬಂದು ಕತ್ತಿ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ, ನೀರಿನ ಲೋಟವನ್ನೂ ಬೇರೆಯವರೇ ಹಿಡಿಯಬೇಕಾಗಿತ್ತು. ಅಪ್ಪನದ್ದು ನನಗೂ ಬಂತು ಅಂತ ಭಾವ ತಾವೇ ತೀರ್ಮಾನ ಮಾಡಿಕೊಂಡರು, ಬಾಯಿಗೆ ಬೀಗ ಹಾಕಿಕೊಂಡರು.

ಆಮೇಲೆ ಮಾಡಿದ ನಾಟಕ ಕೇಳಬೇಕು ನೀವು. ಕತ್ತಿಯನ್ನು ಡ್ರಾಯರಿಗೆ ಹಾಕಿ, ಬಂದವರಿಗೆಲ್ಲ "ಈಗ ಗಡ್ಡದ್ದೇ ಕಾಲ ಸ್ವಾಮಿ, ನಿಮ್ಮ ಮುಖಕ್ಕೆ ಎಷ್ಟು ಒಪ್ಪತ್ತೆ ಗೊತ್ತಾ!" ಅನ್ನತೊಡಗಿದರು. ಭಾವ ಹೇಳಿದ ಮೇಲೆ ಎದುರಾಡುವವರು ಯಾರು? ಮೇಷ್ಟ್ರು ಬಿಟ್ಟರು, ಪೋಸ್ಟ್‌ಮ್ಯಾನ್ ಬಿಟ್ಟ, ಬೇಕರಿಯವನೂ ಬಿಟ್ಟ. ಎರಡು ತಿಂಗಳಲ್ಲಿ ಅರ್ಧ ಬೀದಿಗೆ ಗಡ್ಡ. ಕೊನೆಗೆ ಬೇಕರಿಯವನ ಹೆಂಡತಿ ಅಕ್ಕನ ಹತ್ತಿರ ಜಗಳಕ್ಕೇ ಬಂದಳು. "ನಿಮ್ಮೆಜಮಾನ್ರಿಗೆ ಏನು ಬಂದಿದೆ ರೀ? ನಮ್ಮನೆಯವರ ಗಡ್ಡದಲ್ಲಿ ದಿನಾ ಒಂದು ಹಿಡಿ ಮೈದಾಹಿಟ್ಟು!"

ಅಕ್ಕ ಅವತ್ತೇ ಭಾವನನ್ನು ಹಿಡಿದು ಕೂರಿಸಿದಳು. ಭಾವ ಮಗುವಿನ ಹಾಗೆ ಅತ್ತುಬಿಟ್ಟರು. "ಅಪ್ಪನದ್ದೇ ಬಂತು ಕಣೇ. ಮುಂದಿನ ತಿಂಗಳು ಅಂಗಡಿ ಮುಚ್ಚಿಬಿಡೋಣ. ಕತ್ತಿ ಹಿಡಿಯದ ಮೇಲೆ ನಾನ್ಯಾರು?" ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸೋಮವಾರ ಅಂಗಡಿಗೆ ರಜೆ. ಭಾವನಿಗೆ ಸೋಮವಾರ ಬಂತೆಂದರೆ ತಲೆನೋವು, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಬಿದ್ದಿರುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು ಗುಂಡಿ ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದಳು, ಸೇರುತ್ತಿರಲಿಲ್ಲ. "ಕೊಡಿಲ್ಲಿ" ಅಂತ ಭಾವ ಮಲಗಿದಲ್ಲಿಂದಲೇ ಸೂಜಿ ಕಿತ್ತುಕೊಂಡು ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ಅಕ್ಕ ಸೂಜಿ ನೋಡಿದಳು, ಗಂಡನ ಕೈ ನೋಡಿದಳು.

"ರೀ, ನಿಮ್ಮಪ್ಪನ ಕಾಯಿಲೆಗೂ ಸೋಮವಾರ ರಜೆನಾ?"

ಅಂಗಡಿಯಲ್ಲಿ ಇರುವಂಥದ್ದು, ಮನೆಯಲ್ಲಿ ಇಲ್ಲದ್ದು ಏನು ಅಂತ ಅಕ್ಕ ಲೆಕ್ಕ ಹಾಕಿದಳು. ಮರುದಿನವೇ ಒಂದು ಡಬ್ಬಿ, ಒಬ್ಬ ಗಂಡ, ಒಬ್ಬ ತಮ್ಮ, ಮೂವರನ್ನೂ ಎಳೆದುಕೊಂಡು ಆಸ್ಪತ್ರೆಗೆ ನಡೆದಳು. ಡಾಕ್ಟರಮ್ಮ ಭಾವನ ಕೈ ಚಾಚಿಸಿದರು, ನಡೆಸಿದರು, ರಕ್ತಪರೀಕ್ಷೆಗೆ ಬರೆದರು, ಆಮೇಲೆ ಕನ್ನಡಕ ಏರಿಸಿ ಡಬ್ಬಿಯ ಸಣ್ಣ ಅಕ್ಷರ ಓದಿದರು.

"ಇದರಲ್ಲಿ ಎರಡು ಲೋಟ ಕಾಫಿಯಷ್ಟು ಕೆಫೀನ್ ಇದೆ. ದಿನಕ್ಕೆ ಐದು ಅಂದ್ರೆ ಹತ್ತು ಲೋಟ. ಒಂದು ಡಬ್ಬಿಗೆ ಹದಿಮೂರು ಚಮಚ ಸಕ್ಕರೆ."

"ನಾನು ಕಾಫಿ ಬಿಟ್ಟಿದೀನಿ ಡಾಕ್ಟ್ರೇ" ಅಂದರು ಭಾವ.

ಡಾಕ್ಟರಮ್ಮ ನಗು ತಡೆಯಲಾರದೆ ಕರವಸ್ತ್ರ ತೆಗೆದರು. ಸೋಮವಾರದ ತಲೆನೋವು ಈ ಡಬ್ಬಿ ಸಿಗದೆ ಬರುವುದಂತೆ. "ನಿಮ್ಮ ತಂದೆಯ ಕಾಯಿಲೆಯ ಗುರುತು ನಂಗೆ ಕಾಣ್ತಿಲ್ಲ. ಆದ್ರೂ ಈಗಲೇ ಏನೂ ಹೇಳಲ್ಲ. ಒಂದೊಂದೇ ಕಡಿಮೆ ಮಾಡಿ, ಪೂರ್ತಿ ಬಿಡಿ. ಮೂರು ವಾರ ಆದ್ಮೇಲೂ ಕೈ ನಡುಗಿದ್ರೆ ಬನ್ನಿ" ಅಂದರು. ಹೊರಗೆ ಬಂದಮೇಲೆ ಅಕ್ಕ ನನ್ನ ಕಡೆ ಒಂದು ನೋಟ ನೋಡಿದಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ, ಚಪ್ಪಲಿ ಕಾಲಲ್ಲೇ ಇತ್ತು.

ಆ ಮೂರು ವಾರ ಭಾವನ ಹತ್ತಿರ ಸುಳಿಯುವ ಹಾಗಿರಲಿಲ್ಲ, ಮುಟ್ಟಿದರೆ ಸಿಡಿಯುತ್ತಿದ್ದರು. ಡಬ್ಬಿಗಳನ್ನೂ ಫ್ರಿಜ್ಜನ್ನೂ ನಾನೇ ವ್ಯಾನಿಗೆ ಹೊತ್ತು ಹಾಕಿದೆ. ಹೊರುವಾಗ ಸೊಂಟ ಹಿಡಿಯಿತು, ಯಾರೂ ಅಯ್ಯೋ ಅನ್ನಲಿಲ್ಲ.

ಕೊನೆಗೆ ಆ ಬೆಳಿಗ್ಗೆ ಬಂತು. ಭಾವ ಡ್ರಾಯರಿನಿಂದ ಕತ್ತಿ ತೆಗೆದರು. ವಿಷಯ ಹೇಗೋ ರಟ್ಟಾಗಿ ಮೇಷ್ಟ್ರು, ಪೋಸ್ಟ್‌ಮ್ಯಾನ್, ಬೇಕರಿಯವನು ಎಲ್ಲ ಗಡ್ಡ ಸವರಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಕುರ್ಚಿ ಮಾತ್ರ ಖಾಲಿ. ಮೊದಲು ನೀವು, ಇಲ್ಲ ನೀವು ಅಂತ ಒಬ್ಬರಿಗೊಬ್ಬರು ಮರ್ಯಾದೆ ಮಾಡುತ್ತಿದ್ದರು. ಭಾವನ ಮುಖ ಇಳಿಯುತ್ತಾ ಬಂತು. ಅಕ್ಕ ಬಾಗಿಲಲ್ಲಿ ನಿಂತು ನನಗೆ ಹೇಳಿದಳು:

"ಫ್ರಿಜ್ ತಂದೋನು ನೀನು ತಾನೆ? ಹೋಗಿ ಕೂತ್ಕೋ."

ಕೂತೆ. ನೊರೆ ಹಚ್ಚಿದರು. ಪಟ್ಟಿಗೆ ಕತ್ತಿ ಉಜ್ಜುವ ಸದ್ದು, ನಾನು ಎಣಿಸಿದೆ, ಹನ್ನೆರಡು. ಕತ್ತಿ ಗಂಟಲ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಬೆಂಚಿನವರು ಉಸಿರು ಬಿಗಿಹಿಡಿದರು. ಮುಗೀತು ನನ್ನ ಕಥೆ, ನಡುಕ ಹೋಗಿಲ್ಲ ಅಂದುಕೊಂಡೆ.

"ಅಲ್ಲಾಡಬೇಡ್ವೋ" ಅಂದರು ಭಾವ.

"ನಾನೆಲ್ಲಿ ಅಲ್ಲಾಡ್ತಿದೀನಿ ಭಾವ?"

"ಕನ್ನಡೀಲಿ ನೋಡ್ಕೋ."

ನೋಡಿದೆ. ಭಾವನ ಕೈಯಲ್ಲಿ ಕತ್ತಿ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. ಕೆಳಗೆ ನನ್ನ ಗಲ್ಲ, ಹೆಗಲು, ಮೇಲೆ ಹೊದಿಸಿದ ಬಟ್ಟೆ ಎಲ್ಲ ನಡುಗುತ್ತಿತ್ತು.

"ಬೆಳಿಗ್ಗೆಯಿಂದ ಎಷ್ಟು ಡಬ್ಬಿ ಆಯ್ತೋ?" ಅಂದರು.

"ಮೂರು" ಅಂದೆ.

ಅಂಗಡಿಗೆ ಅಂಗಡಿಯೇ ಹೋ ಅಂತ ನಕ್ಕಿತು. ಭಾವನೂ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಆಮೇಲೆ ಎಡಗೈಯಿಂದ ನನ್ನ ತಲೆಯನ್ನು ಗಟ್ಟಿಯಾಗಿ ಹಿಡಿದು, ಕಿವಿಯಿಂದ ಗಲ್ಲದವರೆಗೆ ಕತ್ತಿಯನ್ನು ಒಂದೇ ಎಳೆತ ಎಳೆದರು. ಒಂದು ಗೀರಿಲ್ಲ. ಬೆಂಚಿನಿಂದ ಮೇಷ್ಟ್ರು ಎದ್ದು, "ಮುಂದಿನದು ನಂದು" ಅಂದರು.